‘ಪಾಪ’ ಅಂತ ಹಾಕುವ ಅಂಕ ಬೇಡ: ಸಮನ್ವಯ ತರಗತಿಯಲ್ಲಿ ವಿಶೇಷಚೇತನ ಮಕ್ಕಳ ಮೌಲ್ಯಮಾಪನ ಹೀಗೆ ಮಾಡಿ

ಎಫ್‌ಎ (ವರ್ಷದ ನಡುನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನ) ಅಂಕಗಳನ್ನು ಸ್ಯಾಟ್ಸ್‌ಗೆ, ಅಂದರೆ ಮಕ್ಕಳ ದಾಖಲೆ ಇಡುವ ಶಿಕ್ಷಣ ಇಲಾಖೆಯ ಆನ್‌ಲೈನ್ ವ್ಯವಸ್ಥೆಗೆ, ಏರಿಸುವ ವಾರ ಬಂತೆಂದರೆ ನನಗೆ ಒಂದು ಫೋನು ಬಂದೇ ಬರುತ್ತದೆ. “ಸರ್, ನಮ್ಮ ಕ್ಲಾಸಲ್ಲಿ ಒಬ್ಬ ವಿಶೇಷಚೇತನ ಹುಡುಗ ಇದಾನೆ. ಅವನಿಗೆ ಎಷ್ಟು ಹಾಕ್ಲಿ?”

ಸ್ಟಾಫ್ ರೂಮಿನಲ್ಲಿ ಇದಕ್ಕೆ ಎರಡು ಉತ್ತರ ಯಾವಾಗಲೂ ರೆಡಿ ಇರುತ್ತವೆ. ಒಂದು, “ಪಾಪ ಕಣ್ರೀ, ಪಾಸ್ ಮಾಡ್ಬಿಡಿ.” ಇನ್ನೊಂದು, “ಬರೆದಿದ್ದಕ್ಕಷ್ಟೇ ಹಾಕಿ, ರೂಲು ಎಲ್ರಿಗೂ ಒಂದೇ.” ನಾನು ಎರಡನ್ನೂ ಮಾಡಿದ್ದೇನೆ. ಎರಡೂ ತಪ್ಪು.

ಮೊದಲನೆಯದರ ಕಥೆ ಹೇಳುತ್ತೇನೆ. ಹಿಂದೆ ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಸಾಧು, ಹೇಳಿದ ಕೆಲಸ ಮಾಡುತ್ತಿದ್ದ, ಓದಲು ಬರುತ್ತಿರಲಿಲ್ಲ. ಎಲ್ಲ ವಿಷಯದಲ್ಲೂ ಮೂವತ್ತೈದೋ ನಲವತ್ತೋ ಹಾಕಿ ಸುಮ್ನೆ ಮುಂದೆ ಕಳಿಸಿದೆ. ನನಗಿಂತ ಹಿಂದಿನವರೂ ಹಾಗೇ ಮಾಡಿದ್ದರು. ಎಂಟನೇ ಕ್ಲಾಸಿಗೆ ಹೋದ ಮೇಲೆ ಒಂದು ದಿನ ಅವನು ಬಸ್ಸಿನ ಬೋರ್ಡು ಓದಲಾಗದೆ ಬೇರೆ ಊರಿನ ಬಸ್ ಹತ್ತಿಬಿಟ್ಟ. ಅವನ ಅಪ್ಪ ಸಿಕ್ಕಾಗ ಬೈಯಲಿಲ್ಲ. “ಪಾಸಾಗ್ತಿದ್ನಲ್ಲ ಸರ್, ಓದಾಕೆ ಬರುತ್ತೆ ಅಂದ್ಕಂಡಿದ್ದೆ” ಅಂದರು, ಅಷ್ಟೇ. ನಾನು ಹಾಕಿದ ಅಂಕ ಆ ಮನೆಗೆ ಸುಳ್ಳು ಹೇಳಿತ್ತು. ಏಳು ವರ್ಷ ಅವನನ್ನು ಯಾರೂ ತಪಾಸಣೆಗೆ ಕರೆದುಕೊಂಡು ಹೋಗಿರಲಿಲ್ಲ. ಯಾಕೆ ಹೋಗಬೇಕು? ಕಾರ್ಡಿನಲ್ಲಿ ಎಲ್ಲ ಸರಿಯಾಗಿತ್ತಲ್ಲ.

ಜಗಳೂರು ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ, ಆಮೇಲೆ ಚಳ್ಳಕೆರೆ ಕಡೆ ಪಾಠ ಮಾಡುತ್ತಾ ನಾನು ತಿದ್ದಿಕೊಂಡಿದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. “ಎಷ್ಟು ಹಾಕ್ಲಿ” ಅನ್ನುವ ಪ್ರಶ್ನೆಗೆ ಅಂಕ ಹಾಕುವ ವಾರದಲ್ಲಿ ಉತ್ತರ ಸಿಗುವುದಿಲ್ಲ. ಚಟುವಟಿಕೆ ಕೊಡುವ ಮುಂಚೆ, ಪ್ರಶ್ನೆ ಪತ್ರಿಕೆ ಬರೆಯುವ ಮುಂಚೆ ಅದು ತೀರ್ಮಾನ ಆಗಿರಬೇಕು.

ಮೊದಲು ಕಾನೂನು, ಚುಟುಕಾಗಿ

ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಅದರಲ್ಲಿ 21 ಬಗೆಯ ಅಂಗವೈಕಲ್ಯ ಇವೆ. ಅದರ 16ನೇ ಕಲಂ ಪ್ರಕಾರ ಪ್ರತಿ ವಿಶೇಷಚೇತನ ಮಗುವಿನ ಪಾಲ್ಗೊಳ್ಳುವಿಕೆ ಮತ್ತು ಪ್ರಗತಿಯನ್ನು ಗಮನಿಸುವುದು ಶಾಲೆಯ ಕೆಲಸ. 17ನೇ ಕಲಂ ಪರೀಕ್ಷಾ ಪದ್ಧತಿಯನ್ನು ಮಗುವಿಗೆ ತಕ್ಕಂತೆ ಬದಲಿಸಿ ಅನ್ನುತ್ತದೆ: ಹೆಚ್ಚಿನ ಸಮಯ, ಸ್ಕ್ರೈಬ್ (ಮಗು ಹೇಳಿದ್ದನ್ನು ಬರೆದುಕೊಡುವವರು), ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ. ಅಂದರೆ ನೀವು ಪರೀಕ್ಷೆಯ ರೀತಿ ಬದಲಿಸಿದರೆ ಅದು ಮೇಷ್ಟ್ರ ದಯೆ ಅಲ್ಲ. ಮಗುವಿನ ಹಕ್ಕು. “ರೂಲು ಎಲ್ರಿಗೂ ಒಂದೇ” ಅನ್ನುವವರಿಗೆ ಇದನ್ನೇ ತೋರಿಸಿ, ಇದೂ ರೂಲೇ.

ಆ 21ರ ಪಟ್ಟಿಯಲ್ಲಿ ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಕಾಯಿಲೆಯೂ ಇವೆ. ಇದು ತುಂಬಾ ಮೇಷ್ಟ್ರಿಗೆ ಗೊತ್ತಿಲ್ಲ. ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲು ದಾವಣಗೆರೆಗೆ ಹೋಗುವ ಮಗುವನ್ನು ನಾವು “ಗೈರು ಜಾಸ್ತಿ” ಅಂತ ಬರೆದು ಬಿಟ್ಟಿರುತ್ತೇವೆ.

ಹೆಜ್ಜೆ 1: ಮಗುವಿನ ಬಗ್ಗೆ ಒಂದೇ ಒಂದು ಪುಟ

ಜೂನ್ ತಿಂಗಳಲ್ಲೇ ಒಂದು ಹಾಳೆ ತೆಗೆದುಕೊಳ್ಳಿ. ಕಾಯಿಲೆಯ ಹೆಸರು, ಅಂಗವೈಕಲ್ಯದ ಶೇಕಡಾವಾರು, ಯುಡಿಐಡಿ ಕಾರ್ಡಿನ (ಅಂಗವೈಕಲ್ಯದ ಗುರುತಿನ ಚೀಟಿ) ವಿವರ ಮೇಲೆ ಒಂದು ಸಾಲಿನಲ್ಲಿ ಸಾಕು. ಕೆಳಗೆ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ವಿಷಯ ಮಗುವಿಗೆ ಹೇಗೆ ತಲುಪುತ್ತದೆ? ಅಂದರೆ ಕೇಳಿಯೋ, ನೋಡಿಯೋ, ಮುಟ್ಟಿಯೋ? ತನಗೆ ಗೊತ್ತಿರುವುದನ್ನು ಮಗು ಹೇಗೆ ತೋರಿಸುತ್ತದೆ? ಬರೆದು, ಹೇಳಿ, ಸನ್ನೆ ಮಾಡಿ, ಬೆರಳಿಟ್ಟು? ಎಷ್ಟು ಹೊತ್ತಿಗೆ ಸುಸ್ತಾಗುತ್ತದೆ?

ಇದನ್ನು ಒಬ್ಬರೇ ಕೂತು ಬರೆಯಬೇಡಿ. ಅಮ್ಮನನ್ನು ಕೇಳಿ. ಬಿಆರ್‌ಸಿಯಲ್ಲಿರುವ (ಬ್ಲಾಕ್ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿಯವರನ್ನು, ಅಂದರೆ ವಿಶೇಷಚೇತನ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನು ಕೇಳಿ, ಅವರು ಇರುವುದೇ ಇದಕ್ಕೆ. ಮಗುವನ್ನೂ ಕೇಳಿ, ನಾವು ಮರೆಯುವುದು ಅವರನ್ನೇ. ಕಡಿಮೆ ದೃಷ್ಟಿಯ ಒಬ್ಬ ಹುಡುಗಿಯನ್ನು ನಾನು ಒಂದು ವರ್ಷ ಮುಂದಿನ ಬೆಂಚಿನಲ್ಲಿ, ಕಿಟಕಿ ಪಕ್ಕದಲ್ಲೇ ಕೂರಿಸಿದ್ದೆ. ಬೆಳಕು ಬರಲಿ ಅಂತ. ಬೋರ್ಡ್ ಮೇಲೆ ಬಿಸಿಲು ಬಿದ್ದು ಅವಳಿಗೆ ಏನೂ ಕಾಣುತ್ತಿರಲಿಲ್ಲವಂತೆ. ಮೂರನೇ ಬೆಂಚೇ ವಾಸಿ ಸರ್ ಅಂದಳು, ನಾನು ಕೇಳಿದ ಮೇಲೆ.

ತಪಾಸಣೆಯೇ ಆಗಿಲ್ಲದ ಮಗುವಾದರೆ? ಕಾರ್ಡು ಬರುವ ತನಕ ಕಾಯಬೇಡಿ. ತರಗತಿಯ ಒಳಗಿನ ಸೌಲಭ್ಯಕ್ಕೆ ಕಾರ್ಡು ಬೇಕಿಲ್ಲ. ತಪಾಸಣೆ, ಸಲಹೆಗೆ ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಂಯುಕ್ತ ಪ್ರಾದೇಶಿಕ ಕೇಂದ್ರ ಇದೆ. ಅದನ್ನೂ ಸಿಆರ್‌ಸಿ ಅಂತಲೇ ಕರೆಯುವುದರಿಂದ ನಮ್ಮ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಸಂಪನ್ಮೂಲ ಕೇಂದ್ರದ ಸಿಆರ್‌ಸಿ ಅಂದುಕೊಂಡು ಸುಮ್ಮನಾಗುವವರು ಇದ್ದಾರೆ, ಅದು ಬೇರೆ, ಇದು ಬೇರೆ. ಕಾರ್ಡಿಗೆ ಅರ್ಜಿ ಹಾಕಲು ಪೋಷಕರಿಗೆ ಗೊತ್ತಾಗದಿದ್ದರೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯುಗೆ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ) ಫೋನ್ ಹಾಕಿ.

ಹೆಜ್ಜೆ 2: ‘ನಾನು ಇಲ್ಲಿ ಅಳೆಯುತ್ತಿರುವುದು ಏನನ್ನು?’

ಇದೊಂದು ಹೆಜ್ಜೆ ಸರಿ ಹೋದರೆ ಉಳಿದದ್ದು ಅರ್ಧ ಮುಗಿದಂತೆ.

ಶ್ರವಣದೋಷ ಇರುವ ಒಬ್ಬ ಹುಡುಗ ವಿಜ್ಞಾನದ ಟೆಸ್ಟಿನಲ್ಲಿ ಜಲಚಕ್ರದ ಪ್ರಶ್ನೆಗೆ ಹೀಗೆ ಬರೆದ: “ಸೂರ್ಯ ಬಿಸಿ ಕೆರೆ ನೀರು ಆವಿ ಮೇಲೆ. ತಂಪು ಮೋಡ. ಮಳೆ ಕೆರೆ ಮತ್ತೆ.” ನಾಲ್ಕು ಅಂಕದ ಪ್ರಶ್ನೆ. ನಮ್ಮ ಸಹೋದ್ಯೋಗಿಯೊಬ್ಬರು ಒಂದು ಅಂಕ ಹಾಕಿದ್ದರು. ವಾಕ್ಯ ಇಲ್ಲ, ವಿಭಕ್ತಿ ಇಲ್ಲ ಅಂತ.

ಈಗ ಕಲಿಕಾ ಫಲ (ಈ ಪಾಠದಿಂದ ಮಗು ಕಲಿಯಬೇಕಾದ್ದು) ತೆಗೆದು ನೋಡಿ. ಜಲಚಕ್ರದ ಹಂತಗಳನ್ನು ವಿವರಿಸುವುದು. ಆವಿಯಾಗುವುದು, ತಂಪಾಗಿ ಮೋಡವಾಗುವುದು, ಮಳೆ, ಮತ್ತೆ ಕೆರೆ. ನಾಲ್ಕೂ ಇವೆ, ಕ್ರಮವಾಗಿಯೇ ಇವೆ. ವಿಭಕ್ತಿ ಪ್ರತ್ಯಯ ಬಿಟ್ಟಿರುವುದು ಅವನ ಸೋಮಾರಿತನ ಅಲ್ಲ. ಸನ್ನೆ ಭಾಷೆಗೆ ತನ್ನದೇ ವ್ಯಾಕರಣ ಇದೆ, ಕನ್ನಡದ ಹಾಗೆ ಪದದ ಬಾಲಕ್ಕೆ ‘ಇಂದ’, ‘ಗೆ’, ‘ಅಲ್ಲಿ’ ಅಂಟಿಸುವ ಪದ್ಧತಿ ಅದರಲ್ಲಿಲ್ಲ. ಕಿವಿಯ ಮೇಲೆ ಬೀಳದ ಪ್ರತ್ಯಯ ಪೆನ್ನಿನಿಂದ ಬರುವುದು ಕಷ್ಟ. ವಿಜ್ಞಾನದಲ್ಲಿ ಅವನಿಗೆ ನಾಲ್ಕಕ್ಕೆ ನಾಲ್ಕು. ಅದೇ ಹುಡುಗ ಕನ್ನಡ ಪತ್ರಿಕೆಯಲ್ಲಿ ವಿಭಕ್ತಿಯ ಪ್ರಶ್ನೆಗೆ ತಪ್ಪು ಬರೆದರೆ? ಅಲ್ಲಿ ಅಳೆಯುವುದೇ ವಿಭಕ್ತಿಯನ್ನು. ಅಲ್ಲಿ ಅಂಕ ಹೋಗುತ್ತದೆ, ಹೋಗಬೇಕು. ಜೊತೆಗೆ ಕಲಿಸುವ ಕೆಲಸವೂ ಇದೆ.

ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾದಂಥದ್ದು) ಇರುವ ಮಕ್ಕಳ ವಿಷಯವೂ ಹೀಗೇ. ಒತ್ತಕ್ಷರ ಬಿಡುವುದು, ಕೊಂಬು ದೀರ್ಘ ಅದಲು ಬದಲು, ಸಾಲು ತಪ್ಪುವುದು. ಸಮಾಜ ವಿಜ್ಞಾನದಲ್ಲಿ ‘ಚಿತ್ರದುರ್ಗ’ವನ್ನು ‘ಚಿತದುಗ’ ಅಂತ ಬರೆದರೆ ಆ ಮಗುವಿಗೆ ಕೋಟೆ ಎಲ್ಲಿದೆ ಅಂತ ಗೊತ್ತಿಲ್ಲ ಎಂದು ಅರ್ಥವಲ್ಲ. ಹಾಗಂತ ಅಲ್ಪಪ್ರಾಣ ಮಹಾಪ್ರಾಣ ತಪ್ಪಿದವರಿಗೆಲ್ಲ ಕಲಿಕಾ ನ್ಯೂನತೆ ಇದೆ ಅಂತ ಪಟ್ಟಿ ಮಾಡಲು ಹೊರಡಬೇಡಿ. ಮನೆಯಲ್ಲಿ ಆಡುವಂತೆ ಬರೆದರೆ ಆ ತಪ್ಪು ಯಾರಿಗಾದರೂ ಆಗುತ್ತದೆ, ನನಗೂ.

ಹಾಗಾಗಿ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದು ಪದ ಬರೆಯಿರಿ: ‘ಕಾರಣ’, ‘ಕ್ರಮ’, ‘ಲೆಕ್ಕದ ವಿಧಾನ’, ‘ಕಾಗುಣಿತ’. ಪಕ್ಕದಲ್ಲಿ ಇಲ್ಲದ್ದಕ್ಕೆ ಅಂಕ ಕಳೆಯಬೇಡಿ. ಇದು ಇಡೀ ಕ್ಲಾಸಿಗೆ ಅನ್ವಯ.

ಹೆಜ್ಜೆ 3: ದಾರಿ ಬದಲಾಯಿತೋ, ಊರೇ ಬದಲಾಯಿತೋ?

ದಾವಣಗೆರೆಯಿಂದ ದುರ್ಗಕ್ಕೆ ಹೋಗಬೇಕು ಅಂದುಕೊಳ್ಳಿ. ಕೆಲವರು ಬಸ್ ಹತ್ತಿ ಭರಮಸಾಗರದ ಮೇಲೆ ಹೋಗುತ್ತಾರೆ. ಕೆಲವರು ರೈಲಿನಲ್ಲಿ ಚಿಕ್ಕಜಾಜೂರಿನ ಕಡೆಯಿಂದ ಸುತ್ತಿ ಬರುತ್ತಾರೆ, ಹೊತ್ತು ಜಾಸ್ತಿ ಹಿಡಿಯುತ್ತದೆ. ಆದರೆ ಇಳಿಯುವುದು ದುರ್ಗದಲ್ಲೇ. ದೊಡ್ಡ ಅಕ್ಷರದ ಪತ್ರಿಕೆ, ಬ್ರೈಲ್, ಸ್ಕ್ರೈಬ್, ಹೆಚ್ಚಿನ ಸಮಯ, ಪ್ರಶ್ನೆ ಓದಿ ಹೇಳುವುದು, ಬಾಯಿ ಉತ್ತರ, ಇವೆಲ್ಲ ದಾರಿ ಬದಲಾವಣೆ. ಇಲ್ಲಿ ಪೂರ್ತಿ ಅಂಕ, ಒಂದು ಅರ್ಧ ಅಂಕವನ್ನೂ “ಸಹಾಯ ತಗೊಂಡಿದಾನಲ್ಲ” ಅಂತ ಕಳೆಯುವಂತಿಲ್ಲ. ಕನ್ನಡಕ ಹಾಕಿಕೊಂಡು ಬರೆದವರಿಗೆ ಅಂಕ ಕಳೆಯುತ್ತೇವಾ?

ಒಬ್ಬರನ್ನು ಭರಮಸಾಗರದಲ್ಲೇ ಇಳಿಸಿ “ದುರ್ಗ ಬಂತು” ಅಂದರೆ ಅದು ಬೇರೆ ಮಾತು. ಏಳನೇ ಕ್ಲಾಸಿನವರು ಲಾಭ ನಷ್ಟದ ಶೇಕಡಾ ಲೆಕ್ಕ ಮಾಡುವಾಗ ಬೌದ್ಧಿಕ ಅಂಗವೈಕಲ್ಯ ಇರುವ ಮಗು ಐವತ್ತರ ನೋಟಿಗೆ ಚಿಲ್ಲರೆ ಎಣಿಸುವುದನ್ನು ಕಲಿಯುತ್ತಿದೆ. ಅದು ಒಳ್ಳೆಯ ಗುರಿ, ಬದುಕಿಗೆ ಬೇಕಾದ ಗುರಿ. ಆದರೆ ಅದು ಬೇರೆ ಊರು. ಊರು ಬದಲಿಸಿದ್ದು ತಪ್ಪಲ್ಲ, ಮುಚ್ಚಿಟ್ಟಿದ್ದು ತಪ್ಪು. ನನ್ನ ಹಳೆಯ ಹುಡುಗನಿಗೆ ನಾನು ಮಾಡಿದ್ದು ಇದನ್ನೇ.

ಒಂದು ಎಚ್ಚರಿಕೆ. ಮಗು ಗಾಲಿಕುರ್ಚಿಯಲ್ಲಿದೆ, ಮಾತು ಸ್ಪಷ್ಟವಿಲ್ಲ ಅಂದಕೂಡಲೇ ಗುರಿ ಇಳಿಸಬೇಡಿ. ಮಿದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ) ಇರುವ ಎಷ್ಟೋ ಮಕ್ಕಳಿಗೆ ಪಾಠ ಅರ್ಥವಾಗುವುದರಲ್ಲಿ ಏನೂ ಕೊರತೆ ಇರುವುದಿಲ್ಲ, ಕೈ ಮತ್ತು ನಾಲಿಗೆ ಮಾತ್ರ ಹೇಳಿದಂತೆ ಕೇಳುವುದಿಲ್ಲ. ಮೊದಲು ಎಲ್ಲ ದಾರಿ ಹುಡುಕಿ. ಒಂದೂ ಹೊಂದದಿದ್ದಾಗ ಊರಿನ ಮಾತು.

ಹೆಜ್ಜೆ 4: ಚಟುವಟಿಕೆಯ ಮಾನಕ ತಿದ್ದಿ

ಮಾನಕ ಅಂದರೆ ಯಾವುದಕ್ಕೆ ಎಷ್ಟು ಅಂಕ ಅನ್ನುವ ಪಟ್ಟಿ. ಲೆಕ್ಕ ಹಾಕಿಯೇ ತೋರಿಸುತ್ತೇನೆ. ಚಟುವಟಿಕೆ: ನಿಮ್ಮೂರಿನ ಕೆರೆಯ ಬಗ್ಗೆ ಮಾಹಿತಿ ಸಂಗ್ರಹಿಸಿ ಚಾರ್ಟ್ ಮಾಡಿ, ತರಗತಿಯಲ್ಲಿ ಮಂಡಿಸಿ. 15 ಅಂಕ. ನಾನು ಮೊದಲು ಮಾಡಿದ್ದ ಮಾನಕ ಹೀಗಿತ್ತು: ಚಾರ್ಟಿನ ಅಂದ 3, ಸಮಯಕ್ಕೆ ಸರಿಯಾಗಿ ಒಪ್ಪಿಸಿದ್ದು 3, ಮಾತಿನ ಸ್ಪಷ್ಟತೆ 3, ವಿಷಯ 6.

ಕೈ ನಡುಗುವ, ಮಾತು ನಿಧಾನವಾಗಿ ಬರುವ ಒಬ್ಬಳು ಹುಡುಗಿ. ಚಾರ್ಟಿನ ಅಂದಕ್ಕೆ 1, ತಡವಾಗಿದ್ದಕ್ಕೆ 0, ಮಾತಿಗೆ 1, ವಿಷಯಕ್ಕೆ 5. ಒಟ್ಟು 7. ಗಮನಿಸಿ, 15ರಲ್ಲಿ 9 ಅಂಕ ಅವಳ ಕೈಗೂ ನಾಲಿಗೆಗೂ ಇತ್ತು. ಕೆರೆಗೆ ಇದ್ದಿದ್ದು ಬರೀ 6.

ತಿದ್ದಿದ ಮೇಲೆ: ಕೆರೆಗೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಗುರುತಿಸಿದ್ದು 4. ಕೆರೆ ಬತ್ತಲು ಅಥವಾ ತುಂಬಲು ಕಾರಣ ಕೊಟ್ಟಿದ್ದು 4. ಊರಿನ ಯಾರನ್ನಾದರೂ ಕೇಳಿ ತಾನೇ ಮಾಹಿತಿ ತಂದಿದ್ದು 4. ಬಾಯಿಮಾತು, ಸನ್ನೆ, ಚಿತ್ರ, ಫೋನಿನ ರೆಕಾರ್ಡಿಂಗ್, ಯಾವುದರಿಂದಲಾದರೂ ಇನ್ನೊಬ್ಬರಿಗೆ ತಿಳಿಯುವಂತೆ ಹೇಳಿದ್ದು 3. ಅದೇ ಹುಡುಗಿ, ಅದೇ ಕೆಲಸ: 4, 3, 3, 2. ಒಟ್ಟು 12. ಇದರಲ್ಲಿ ಒಂದು ಅಂಕವೂ ‘ಪಾಪ’ದ್ದಲ್ಲ.

ತಮಾಷೆ ಏನೆಂದರೆ ಅದೇ ಕ್ಲಾಸಿನ ಇನ್ನೊಬ್ಬ ಹುಡುಗ ಹಳೆಯ ಮಾನಕದಲ್ಲಿ 14 ತೆಗೆಯುತ್ತಿದ್ದ. ಚಾರ್ಟು ಅಂಗಡಿಯಲ್ಲಿ ಬರೆಸಿದ್ದು, ಅಕ್ಷರ ಮುತ್ತಿನಂತೆ. ಹೊಸ ಮಾನಕದಲ್ಲಿ 8 ಬಂತು. ಕೆರೆ ಕೋಡಿ ಯಾವ ಕಡೆ ಇದೆ ಅಂತ ಅವನಿಗೆ ಗೊತ್ತಿರಲಿಲ್ಲ. ಅವರ ತಾಯಿ ಬಂದು ಕೇಳಿದರು. ಮಾನಕದ ಹಾಳೆ ತೋರಿಸಿದೆ. ಮುಂದಿನ ಸಲ ಹುಡುಗ ಅಜ್ಜನನ್ನು ಕೇಳಿಕೊಂಡು ಬಂದ.

ಗುಂಪು ಕೆಲಸದ ಮಾನಕದಲ್ಲಿ ಆಟಿಸಂ ಇರುವ ಮಕ್ಕಳಿಗೆ ಅನ್ಯಾಯ ಆಗುವುದು ಜಾಸ್ತಿ. ‘ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ್ದು’, ‘ಉತ್ಸಾಹದಿಂದ ಭಾಗವಹಿಸಿದ್ದು’ ಅಂತೆಲ್ಲ ಬರೆಯಬೇಡಿ. ಗುಂಪಿನಲ್ಲಿ ಆ ಮಗುವಿಗೆ ಒಂದು ಖಚಿತ ಕೆಲಸ ಕೊಡಿ, ಅಳತೆ ಬರೆದಿಡುವುದು ಅಂತ ಇಟ್ಟುಕೊಳ್ಳಿ. ಆ ಕೆಲಸಕ್ಕೆ ಅಂಕ ಹಾಕಿ. ಉಗ್ಗುವ ಮಗುವಿಗೆ ಪದ್ಯ ಹೇಳುವ ಚಟುವಟಿಕೆಯನ್ನು ಎಲ್ಲರ ಮುಂದೆಯೋ, ನಿಮ್ಮ ಮುಂದೆ ಮಾತ್ರವೋ, ಅವರೇ ಆರಿಸಿಕೊಳ್ಳಲಿ.

ಹೆಜ್ಜೆ 5: ಪ್ರಶ್ನೆ ಪತ್ರಿಕೆ

ನೀಲನಕ್ಷೆ (ಯಾವ ಪಾಠಕ್ಕೆ ಎಷ್ಟು ಅಂಕ ಅನ್ನುವ ಹಂಚಿಕೆ) ಹಾಗೇ ಇರಲಿ, ಕಠಿಣತೆಯೂ ಹಾಗೇ ಇರಲಿ. ಬದಲಾಗುವುದು ಪ್ರಶ್ನೆಯ ರೂಪ.

ಚಿತ್ರ ಬರೆಯಿರಿ ಎಂಬ ಪ್ರಶ್ನೆಗೆ ಅಂಧ ಮಗುವಿಗೆ ಅಷ್ಟೇ ಅಂಕದ, ಅದೇ ವಿಷಯ ಕೇಳುವ ಬೇರೆ ಪ್ರಶ್ನೆ ಕೊಡಿ. ಹೃದಯದ ಚಿತ್ರದ ಬದಲು ರಕ್ತ ಹರಿಯುವ ಕ್ರಮ ಹೇಳಲಿ. ನಕ್ಷೆಯನ್ನು ಮಾತ್ರ ಪೂರ್ತಿ ಬಿಡಬೇಡಿ, ಮುಟ್ಟಿ ಓದುವ ನಕ್ಷೆ ಮಾಡುವುದು ಸುಲಭ. ರಟ್ಟಿನ ಮೇಲೆ ದಾವಣಗೆರೆ ಜಿಲ್ಲೆಯ ಗಡಿಗೆ ಸುತಲಿ, ತುಂಗಭದ್ರೆಗೆ ಉಲ್ಲನ್ ದಾರ, ಹರಿಹರ, ಹೊನ್ನಾಳಿ, ಜಗಳೂರು, ಚನ್ನಗಿರಿಗೆ ಒಂದೊಂದು ಮೆಕ್ಕೆಜೋಳದ ಕಾಳು, ಸೂಳೆಕೆರೆಗೆ ನುಣುಪಾದ ಪ್ಲಾಸ್ಟಿಕ್ ಚೂರು. ಗೋಂದಿನಲ್ಲಿ ಅಂಟಿಸಿ ಒಂದು ರಾತ್ರಿ ಒಣಗಿಸಿ. ನಮ್ಮಲ್ಲಿ ಕಣ್ಣು ಕಾಣುವ ಮಕ್ಕಳೂ ಇದನ್ನೇ ಮುಟ್ಟಿ ಮುಟ್ಟಿ ಕಾಳು ಕಿತ್ತು ಹಾಕಿದರು, ಎರಡು ಸಲ ಅಂಟಿಸಬೇಕಾಯಿತು.

ಕಡಿಮೆ ದೃಷ್ಟಿಗೆ 18ರಿಂದ 20 ಪಾಯಿಂಟ್ ಗಾತ್ರದ ಅಕ್ಷರ, ಹೊಳೆಯದ ಹಾಳೆ. ಎ4 ಹಾಳೆಯನ್ನು ಎ3ಗೆ ಜೆರಾಕ್ಸ್ ದೊಡ್ಡದು ಮಾಡಿಸಿದರೆ ಕೆಲವು ಸಲ ಅಷ್ಟೇ ಸಾಕಾಗುತ್ತದೆ. ಕಲಿಕಾ ನ್ಯೂನತೆ ಇರುವವರಿಗೆ ಒಂದು ಪುಟಕ್ಕೆ ಕಡಿಮೆ ಪ್ರಶ್ನೆ, ಸಾಲುಗಳ ನಡುವೆ ಜಾಗ. ಲೆಕ್ಕದಲ್ಲಿ ಅಳೆಯುವುದು ಕ್ಷೇತ್ರಫಲದ ವಿಧಾನವಾದರೆ ಮಗ್ಗಿಯ ಹಾಳೆ ಪಕ್ಕದಲ್ಲಿರಲಿ. ಅಳೆಯುವುದು ಮಗ್ಗಿಯನ್ನೇ ಆದರೆ ಹಾಳೆ ಕೊಡುವಂತಿಲ್ಲ. ಎರಡನೇ ಹೆಜ್ಜೆಯ ಪೆನ್ಸಿಲ್ ಪದ ಇಲ್ಲಿ ಕೆಲಸಕ್ಕೆ ಬರುತ್ತದೆ ನೋಡಿ.

ಹೆಜ್ಜೆ 6: ಸ್ಕ್ರೈಬ್ ಮತ್ತು ಸಮಯ

ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ. 45 ನಿಮಿಷದ ಕಿರು ಪರೀಕ್ಷೆಗೆ 15 ನಿಮಿಷ, ಮೂರು ಗಂಟೆಗೆ ಒಂದು ಗಂಟೆ. ಶಾಲೆಯ ಟೆಸ್ಟಿಗೂ ನಾನು ಇದೇ ಲೆಕ್ಕ ಹಿಡಿಯುತ್ತೇನೆ. ಆದರೆ ಹೆಚ್ಚುವರಿ ಸಮಯವನ್ನು ಬಿಸಿಯೂಟದ ಬೆಲ್ಲಿನ ಮೇಲೆ ತಂದಿಡಬೇಡಿ. ಅನ್ನದ ವಾಸನೆ ಬರುವಾಗ, ಎಲ್ಲರೂ ತಟ್ಟೆ ಹಿಡಿದು ಓಡುವಾಗ ಯಾವ ಮಗು ಕೂತು ಬರೆಯುತ್ತದೆ? ಹದಿನೈದು ನಿಮಿಷ ಮುಂಚೆಯೇ ಶುರು ಮಾಡಿಸಿ.

ಅಂಗವೈಕಲ್ಯ ಶೇಕಡಾ 40ಕ್ಕಿಂತ ಕಡಿಮೆ ಅಂತ ಸ್ಕ್ರೈಬ್ ಕೊಡುವುದಿಲ್ಲ ಅನ್ನುವ ಮಾತು ಕೇಳಿರುತ್ತೀರಿ. ಬರೆಯುವಾಗ ಕೈ ಹಿಡಿದುಕೊಳ್ಳುವ ಸಮಸ್ಯೆ ಇದ್ದ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಅದನ್ನು ಒಪ್ಪಲಿಲ್ಲ. ಬರೆಯಲು ನಿಜವಾಗಿ ಕಷ್ಟ ಇದ್ದರೆ ಶೇಕಡಾವಾರು ಒಂದೇ ಅಡ್ಡಿಯಾಗಬಾರದು ಅಂತ ಹೇಳಿತು.

ಸ್ಕ್ರೈಬ್ ಇಟ್ಟುಕೊಂಡು ಬರೆಸುವುದೂ ಒಂದು ಕಲೆ, ಅಭ್ಯಾಸ ಬೇಕು. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲೇ ಮೊದಲ ಸಲ ಇನ್ನೊಬ್ಬರಿಗೆ ಹೇಳಿ ಬರೆಸಲು ಕೂತರೆ ಮಗು ಕಂಗಾಲಾಗುತ್ತದೆ. ಆರನೇ ಕ್ಲಾಸಿನಿಂದಲೇ ಎಫ್‌ಎ ಟೆಸ್ಟುಗಳಲ್ಲಿ ರೂಢಿ ಮಾಡಿಸಿ. ಪ್ರಶ್ನೆ ಇದ್ದಂತೆ ಓದಬೇಕು, ಹೇಳಿದ್ದನ್ನೇ ಬರೆಯಬೇಕು, ಕೇಳಿದರೆ ಮತ್ತೆ ಓದಿ ಹೇಳಬೇಕು. “ಸರಿಯಾಗಿ ಯೋಚ್ನೆ ಮಾಡು” ಅನ್ನುವುದೂ ಸುಳಿವೇ. ಸ್ಕ್ರೈಬ್ ಆಗಿ ಕೂತ ಹಿರಿಯ ಕ್ಲಾಸಿನ ಮಕ್ಕಳು ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಇರಲು ಪಡುವ ಪಾಡು ನೋಡಬೇಕು!

ಹೆಜ್ಜೆ 7: ತಪ್ಪಿ ಹೋದ ಟೆಸ್ಟಿಗೆ ಸೊನ್ನೆ ಹಾಕಬೇಡಿ

ಒಂದು ಎಫ್‌ಎಗೆ 20 ಅಂಕದ ಟೆಸ್ಟು, ತಲಾ 15ರ ಎರಡು ಚಟುವಟಿಕೆ, ಒಟ್ಟು 50 ಅಂತ ಇಟ್ಟುಕೊಳ್ಳೋಣ. ರಕ್ತ ಹಾಕಿಸಿಕೊಳ್ಳಲು ಹೋಗಿದ್ದ ಮಗು ಒಂದು ಚಟುವಟಿಕೆ ತಪ್ಪಿಸಿಕೊಂಡಿತು. ಟೆಸ್ಟಿನಲ್ಲಿ 13, ಮಾಡಿದ ಚಟುವಟಿಕೆಯಲ್ಲಿ 12. ತಪ್ಪಿದ್ದಕ್ಕೆ ಸೊನ್ನೆ ಹಾಕಿದರೆ 50ಕ್ಕೆ 25, ಅಂದರೆ ಅರ್ಧ. ಮಾಡಿದ ಕೆಲಸವನ್ನಷ್ಟೇ ನೋಡಿದರೆ 35ಕ್ಕೆ 25, ಶೇಕಡಾ 71. ಎರಡರ ನಡುವೆ ಇರುವುದು ಕಲಿಕೆಯ ವ್ಯತ್ಯಾಸ ಅಲ್ಲ, ಆಸ್ಪತ್ರೆಯ ಒಂದು ದಿನ.

ಹಾಗಂತ ಸರಾಸರಿ ಹಾಕಿ 36 ಬರೆದುಬಿಡಿ ಅನ್ನುವುದಿಲ್ಲ. ಮಗು ಮಾಡದ ಕೆಲಸಕ್ಕೆ ಅಂಕ ಕೊಟ್ಟಂತಾಗುತ್ತದೆ. ಮರುವಾರ ಇಪ್ಪತ್ತು ನಿಮಿಷದ ಬದಲಿ ಚಟುವಟಿಕೆ ಕೊಡಿ, ಅದಕ್ಕೆ ಬಂದ ಅಂಕ ಸೇರಿಸಿ. ಆಸ್ಪತ್ರೆಗೆ ಹೋಗುವ ದಿನ ಮೊದಲೇ ಗೊತ್ತಿರುತ್ತದೆ, ಅಮ್ಮನನ್ನು ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಈ ತಾಪತ್ರಯವೇ ಇಲ್ಲ.

ಹೆಜ್ಜೆ 8: ಊರು ಬದಲಾದ ಮಗುವಿನ ಅಂಕ

ಎಲ್ಲಕ್ಕಿಂತ ಕಷ್ಟದ್ದು ಇದು. ನನ್ನ ರೀತಿ ಹೇಳುತ್ತೇನೆ.

ಬಿಐಇಆರ್‌ಟಿ, ಪೋಷಕರ ಜೊತೆ ಕೂತು ವೈಯಕ್ತಿಕ ಶೈಕ್ಷಣಿಕ ಯೋಜನೆ ಮಾಡಿಕೊಳ್ಳಿ. ಗುರಿ ಅಳೆಯುವಂತಿರಬೇಕು. ‘ಹಣದ ಅರಿವು ಮೂಡಿಸುವುದು’ ಅಂತ ಬರೆದರೆ ಯಾರೂ ಅಳೆಯಲಾರರು. ‘ಅಂಗಡಿಯಲ್ಲಿ 38 ರೂಪಾಯಿ ಸಾಮಾನು ಕೊಂಡು, 50ರ ನೋಟು ಕೊಟ್ಟು, 12 ರೂಪಾಯಿ ಚಿಲ್ಲರೆ ಸರಿ ಇದೆಯೇ ಅಂತ ಎಣಿಸುವುದು’ ಅಂತ ಬರೆಯಿರಿ. ತಾನೇ ಮಾಡಿದರೆ 5, ಒಂದು ಸಲ ನೆನಪಿಸಿದ ಮೇಲೆ ಮಾಡಿದರೆ 4, ಜೊತೆಗೆ ಎಣಿಸಿದರೆ 3, ನೋಟು ನಾಣ್ಯ ಗುರುತಿಸಿದರೆ 2. ಇಂಥ ಮೂರು ಗುರಿ ಇಟ್ಟರೆ 15 ಆಯಿತು. ಒಂದರಿಂದ ಮೂರನೇ ಕ್ಲಾಸಿನವರೆಗಿನ ನಲಿ-ಕಲಿ ಪದ್ಧತಿಯಲ್ಲಿ ಪಾಠ ಮಾಡಿದವರಿಗೆ ಇದು ಹೊಸದಲ್ಲ. ಅಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲಿನಲ್ಲೇ ನಿಂತಿರುತ್ತದೆ, ಯಾರೂ ಅದನ್ನು ಅನ್ಯಾಯ ಅನ್ನುವುದಿಲ್ಲ. ನಾಲ್ಕನೇ ಕ್ಲಾಸಿಗೆ ಬಂದಕೂಡಲೇ ಏಣಿ ಎತ್ತಿಟ್ಟುಬಿಡುತ್ತೇವೆ.

ಅಂಕದ ಪಕ್ಕದಲ್ಲಿ, ದಾಖಲೆಯಲ್ಲೂ ಪ್ರಗತಿ ಪತ್ರದಲ್ಲೂ, ಒಂದು ಸಾಲು ಬರೆಯಿರಿ: ‘ವೈಯಕ್ತಿಕ ಯೋಜನೆಯ ಗುರಿಗಳ ಆಧಾರದ ಮೇಲೆ ಕೊಟ್ಟ ಅಂಕ.’ ಮುಖ್ಯ ಶಿಕ್ಷಕರ ಸಹಿ ಇರಲಿ. ಯೋಜನೆಯ ಪ್ರತಿ ಕೃತಿ ಸಂಪುಟದಲ್ಲಿ ಇರಲಿ. ಕೃತಿ ಸಂಪುಟ ಅಂದರೆ ಬಣ್ಣ ಹಚ್ಚಿದ ಹಾಳೆಗಳ ಕಟ್ಟಲ್ಲ. ಜೂನ್‌ನಲ್ಲಿ ಮಾಡಿದ್ದು, ನವೆಂಬರಿನಲ್ಲಿ ಮಾಡಿದ್ದು, ಮಾರ್ಚ್‌ನಲ್ಲಿ ಮಾಡಿದ್ದು, ಒಂದೇ ಬಗೆಯ ಮೂರು ಹಾಳೆ, ತಾರೀಖು ಸಮೇತ. ಇಷ್ಟಿದ್ದರೆ ಯಾರು ತಪಾಸಣೆಗೆ ಬಂದರೂ ನೀವು ಮಾತೇ ಆಡಬೇಕಿಲ್ಲ.

ಇನ್ನೊಂದು. ಶ್ರಮಕ್ಕೆ, ಒಳ್ಳೆಯ ನಡತೆಗೆ, ಪ್ರಗತಿಗೆ ವಿಷಯದ ಅಂಕದಲ್ಲಿ ಸೇರಿಸಿ ಕೊಡಬೇಡಿ. ಮೂರೂ ಬೇರೆ ಬೇರೆ ಡಬ್ಬಿ. ಜೂನ್‌ನಲ್ಲಿ 4 ಪದ ಓದುತ್ತಿದ್ದ ಮಗು ಮಾರ್ಚ್‌ಗೆ 31 ಪದ ಓದಿದರೆ ಅದು ದೊಡ್ಡ ಸುದ್ದಿ, ಷರಾ ಕಾಲಮ್ಮಿನಲ್ಲಿ ಹಾಗೇ ಬರೆಯಿರಿ. ಅದನ್ನು ಅಂಕದೊಳಗೆ ಕಲಸಿಬಿಟ್ಟರೆ ಯಾರಿಗೂ ಕಾಣುವುದಿಲ್ಲ.

ಹೆಜ್ಜೆ 9: ಮನೆಯವರಿಗೆ, ಕ್ಲಾಸಿನವರಿಗೆ ಹೇಳುವುದು

‘ಉತ್ತಮ’, ‘ಇನ್ನೂ ಸುಧಾರಿಸಬೇಕು’ ಎಂಬ ಷರಾಗಳಿಂದ ಯಾರಿಗೂ ಉಪಯೋಗವಿಲ್ಲ. ‘ಪ್ರಶ್ನೆ ಓದಿ ಹೇಳಿದರೆ ಉತ್ತರ ಸರಿಯಾಗಿ ಹೇಳುತ್ತಾಳೆ. ತಾನೇ ಓದುವಾಗ ಒತ್ತಕ್ಷರದ ಪದಗಳಲ್ಲಿ ನಿಲ್ಲುತ್ತಾಳೆ’ ಅಂತ ಬರೆದರೆ ಮನೆಯಲ್ಲಿ ಅಕ್ಕ ಏನು ಮಾಡಬೇಕು ಅಂತ ಗೊತ್ತಾಗುತ್ತದೆ. ಪೋಷಕರೆಲ್ಲ ಸೇರುವ ‘ಸಮುದಾಯದತ್ತ ಶಾಲೆ’ ದಿನ ಎಲ್ಲರ ಮುಂದೆ ಇದನ್ನು ಓದಬೇಡಿ. ಆ ಮಗುವಿನ ಮನೆಯವರನ್ನು ಪಕ್ಕಕ್ಕೆ ಕರೆದು ಕೂರಿಸಿ, ಹಾಳೆಗಳನ್ನು ತೋರಿಸಿ.

ಕ್ಲಾಸಿನಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: “ಅವ್ನಿಗ್ಯಾಕೆ ಸರ್ ಜಾಸ್ತಿ ಟೈಮು?” ಗದರಬೇಡಿ, ನ್ಯಾಯವಾದ ಪ್ರಶ್ನೆ. ನಾನು ಒಮ್ಮೆ ಕೇಳಿದವನಿಗೆ ಎಡಗೈಯಲ್ಲಿ ಒಂದು ಪುಟ ಕಾಪಿ ಮಾಡಲು ಹೇಳಿದೆ, ಹತ್ತು ನಿಮಿಷ ಕೊಟ್ಟೆ. ಐದು ಸಾಲು ಮುಗಿಸಿ ಕೈ ಕೊಡವಿಕೊಂಡು, “ಇನ್ನೂ ಸ್ವಲ್ಪ ಟೈಮ್ ಕೊಡಿ ಸರ್” ಅಂದ. ಇಡೀ ಕ್ಲಾಸು ನಕ್ಕಿತು. ಮಗುವಿನ ಕಾಯಿಲೆಯ ವಿವರ ಮಾತ್ರ ಕ್ಲಾಸಿನಲ್ಲಿ ಹೇಳಬೇಡಿ, ಅದು ಅವರ ಮನೆಯ ಮಾತು.

ಹೆಜ್ಜೆ 10: ಹೈಸ್ಕೂಲಿಗೆ ಕಳಿಸುವಾಗ

ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 25, ಉಳಿದ ವಿಷಯಕ್ಕೆ 20 ಆಂತರಿಕ ಅಂಕ. ಉಳಿದದ್ದು ಮಂಡಳಿಯ ಲಿಖಿತ ಪರೀಕ್ಷೆ. ಅಲ್ಲಿ ನಿಮ್ಮ ಪೆನ್ಸಿಲ್ ಪದ ನಡೆಯುವುದಿಲ್ಲ, ದಾಖಲೆ ನಡೆಯುತ್ತದೆ. ಸ್ಕ್ರೈಬ್, ಹೆಚ್ಚಿನ ಸಮಯ, ಭಾಷಾ ವಿನಾಯಿತಿಗೆ ವೈದ್ಯಕೀಯ ಪ್ರಮಾಣಪತ್ರ ಬೇಕು. ಹತ್ತನೇ ಕ್ಲಾಸಿನ ನವೆಂಬರಿನಲ್ಲಿ ಆಸ್ಪತ್ರೆಗೆ ಓಡುವ ಬದಲು ಎಂಟನೇ ಕ್ಲಾಸಿನಲ್ಲೇ ಶುರು ಮಾಡಿಸಿ. ಕಲಿಕಾ ನ್ಯೂನತೆಯ ಮಕ್ಕಳ ಬಗ್ಗೆ ವಿಶೇಷ ಗಮನ ಇರಲಿ. ಅಂಗವೈಕಲ್ಯ ತಪಾಸಣೆಯ ಕೇಂದ್ರದ ಮಾರ್ಗಸೂಚಿ ಪ್ರಕಾರ ಮೂರನೇ ಕ್ಲಾಸು ಅಥವಾ ಎಂಟು ವರ್ಷಕ್ಕೇ ಮೇಷ್ಟ್ರು ಮೊದಲ ಪರಿಶೀಲನೆ ಮಾಡಬೇಕು. ಎಂಟು ವರ್ಷಕ್ಕೆ ಪ್ರಮಾಣಪತ್ರ ಸಿಕ್ಕರೂ 14ಕ್ಕೆ ಮತ್ತೆ ತಪಾಸಣೆ ಮಾಡಿಸಬೇಕು. 14 ಅಂದರೆ ಸರಿಯಾಗಿ ಒಂಬತ್ತನೇ ಕ್ಲಾಸು. ಹಳೆಯ ಕಾಗದ ನಂಬಿ ಕೂತರೆ ಪರೀಕ್ಷೆ ಹೊತ್ತಿಗೆ ಪೇಚಿಗೆ ಸಿಕ್ಕಿಕೊಳ್ಳುತ್ತೀರಿ.

ಟಿಸಿ ಕೊಡುವ ದಿನ ಮೊದಲ ಹೆಜ್ಜೆಯ ಆ ಒಂದು ಪುಟ, ಕೃತಿ ಸಂಪುಟ, ತಿದ್ದಿದ ಮಾನಕದ ಒಂದೆರಡು ಮಾದರಿ, ಇಷ್ಟನ್ನೂ ಪೋಷಕರನ್ನು ಕೇಳಿ ಹೈಸ್ಕೂಲಿನ ಕ್ಲಾಸ್ ಟೀಚರಿಗೆ ತಲುಪಿಸಿ. ನಾನು ಮಗುವಿನ ಕೈಯಲ್ಲಿ ಕಳಿಸಿ ನೋಡಿದ್ದೇನೆ, ಬ್ಯಾಗಿನ ತಳದಲ್ಲೇ ಉಳಿದಿತ್ತು. ಈಗ ನಾನೇ ಬೈಕಿನಲ್ಲಿ ಹೋಗಿ ಕೊಟ್ಟು, ಒಂದು ಟೀ ಕುಡಿದು, “ಮೂರನೇ ಬೆಂಚಲ್ಲಿ ಕೂರ್ಸಿ ಸರ್, ಕಿಟಕಿ ಪಕ್ಕ ಬೇಡ” ಅಂತ ಹೇಳಿ ಬರುತ್ತೇನೆ.